ಮುನಿಕೃಷ್ಣಮ್ಮನ ಪಾದ

ಸಂತೆಗೆ ಹೋಗಿದ್ದ ಮುನಿಕೃಷ್ಣಮ್ಮ ಕೊಡಿಗೇಹಳ್ಳಿಯ ಮನೆಗೆ ವಾಪಸ್ ಬಂದಾಗ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಸೊಸೆ ಮೋನಿಷಾ ಹೇಳುವ ತನಕ ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಕಿತ್ತೋಗಿತ್ತು, ಬಿಸಾಕ್ದೆ" ಎಂದುಬಿಟ್ಟರು.

ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಮೊದಲು ಪಾದ ಜೋಮು ಹಿಡಿಯುತ್ತಿತ್ತು. ಈಗೆರಡು ವರ್ಷದಿಂದ ಜೋಮೂ ಇಲ್ಲ, ಬೆರಳುಗಳು ಇವೆಯೋ ಇಲ್ಲವೋ ಅನ್ನುವ ಹಾಗೆ. ಯಾರಿಗೂ ಹೇಳಿರಲಿಲ್ಲ. ಇದೇ ಕಾಯಿಲೆಯಲ್ಲಿ ಅಕ್ಕ ಯಲ್ಲಮ್ಮನ ಕಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು.

ಚಪ್ಪಲಿ ಬಿಸಾಕಿದ ಮಾತನ್ನು ಮೋನಿಷಾ ನಂಬಲಿಲ್ಲ. ಮಾರನೇ ದಿನವೇ ಸಹಕಾರನಗರದ ಡಾಕ್ಟರ್ ಅನ್ವರ್ ಹತ್ತಿರ ಕರೆದುಕೊಂಡು ಹೋದಳು.

"ಕಣ್ಣು ಮುಚ್ಕೊಳಿ ಅಮ್ಮ. ಪಾದಕ್ಕೆ ಈ ದಾರ ತಾಕಿದಾಗೆಲ್ಲ ಹೂಂ ಅನ್ನಿ."

ಮುನಿಕೃಷ್ಣಮ್ಮ ತಡಮಾಡದೆ ಹೂಂಗುಟ್ಟತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಮೆಲ್ಲಗೆ, "ಕಡೇ ನಾಲ್ಕು ಸಲ ನಾನು ಮುಟ್ಟೇ ಇಲ್ಲ" ಎಂದರು.

ಕಣ್ಣು ಬಿಡಲು ನಾಚಿಕೆಯಾಯಿತು. "ನಮ್ಮಕ್ಕನ ಕಾಲು ತೆಗುದ್ರು ಸಾ. ನಂಗೂ ಅಂಗೇ ಯೋಳ್ತೀರಾ ಅಂತ..."

"ನಿಮಗೆ ಗಾಯಾನೇ ಇಲ್ಲ, ಕಾಲು ತೆಗೆಯೋ ಮಾತೆಲ್ಲಿ ಬಂತು? ಮುಚ್ಚಿಟ್ರೇನೇ ಕಷ್ಟ."

ರಕ್ತದ ರಿಪೋರ್ಟಿನಲ್ಲಿ ಸಕ್ಕರೆ ಹೆಚ್ಚಿತ್ತು, ಮೆಗ್ನೀಸಿಯಂ ಕಡಿಮೆಯಿತ್ತು. "ಈ ಖನಿಜ ಕಡಿಮೆ ಇರೋ ಎಷ್ಟೋ ಜನರಲ್ಲಿ ನರ ಸೊರಗಿರುತ್ತೆ. ಇದ್ರಿಂದಾನೇ ಆಯ್ತು ಅನ್ನಕ್ಕಾಗಲ್ಲ" ಎಂದರು ಡಾಕ್ಟರು. "ಮಾತ್ರೆ ಕೊಡ್ತೀನಿ, ಸಕ್ಕರೆ ಇಳಿಸೋಣ. ಹೋದ ಸ್ಪರ್ಶ ಬಂದೇ ಬರುತ್ತೆ ಅಂತ ಮಾತ್ರ ಹೇಳಲ್ಲ. ಪಾದ ದಿನಾ ನೋಡ್ಕೊಳ್ಬೇಕು."

ಮನೆಗೆ ಬಂದ ಮೇಲೆ, ಬೊಜ್ಜಿನಿಂದ ಬಗ್ಗಲಾಗದ ಅತ್ತೆಯ ಪಾದ ನೋಡಲು ಮೋನಿಷಾ ನೆಲದ ಮೇಲೆ ಕೂತಾಗ ಅವರು ಕಾಲೆಳೆದುಕೊಂಡರು. "ನಿನ್ ಕೈಲಿ ಕಾಲು ಇಡಿಸ್ಕೊಳ್ಳೋದಾ? ಬ್ಯಾಡ ಕಣಮ್ಮಿ."

"ಹೆರಿಗೆ ಆದಾಗ ನನ್ನ ಮೈಯೆಲ್ಲ ತೊಳೆದೋರು ಯಾರು ಅತ್ತೆ?" ಎಂದಳು ಅವಳು. ಅವರು ಮೆಲ್ಲಗೆ ಕಾಲು ಚಾಚಿದರು.

ಮೂರು ತಿಂಗಳಲ್ಲಿ ಮೆಗ್ನೀಸಿಯಂ ಸರಿಹೋಯಿತು, ಸಕ್ಕರೆಯೂ ಇಳಿಯಿತು. ಬೆರಳುಗಳಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೆಬ್ಬೆರಳ ಬುಡದಲ್ಲಿ ಸ್ಟೇಪ್ಲರ್ ಪಿನ್ನೊಂದು ನೆಟ್ಟಿದ್ದು ಮೋನಿಷಾ ಕಣ್ಣಿಗೆ ಬಿತ್ತು. ಮುನಿಕೃಷ್ಣಮ್ಮ ಅದರ ಮೇಲೇ ಓಡಾಡಿಕೊಂಡಿದ್ದರು. ಅವತ್ತೇ ಡಾಕ್ಟರು ಅದನ್ನು ತೆಗೆದು ಪಟ್ಟಿ ಕಟ್ಟಿದರು. ಹತ್ತು ದಿನದಲ್ಲಿ ಗಾಯ ಮಾಯಿತು.

ಆ ವಾರ ಮುನಿಕೃಷ್ಣಮ್ಮ ಪಕ್ಕದ ಬೀದಿಯ ಸುಬ್ಬಮ್ಮನ ಮನೆಗೆ ಹೋದರು. ಅವರಿಗೂ ಸಕ್ಕರೆ ಕಾಯಿಲೆಯಿತ್ತು. ಕಾಫಿ ಬರುವ ಮೊದಲೇ ಕೇಳಿದರು: "ನಿನ್ ಪಾದ ಯಾರಾನ ನೋಡವ್ರಾ ಸುಬ್ಬಿ? ಎಲ್ಲಿ, ಚಾಚು."