ಕರಿಯಯ್ಯನ ಕಾರಿನ ಟೈಮಿಂಗ್ ಬೆಲ್ಟ್

ದುದ್ದದ ಕರಿಯಯ್ಯ ಆಲೆಮನೆ ಯಜಮಾನ. ಕಬ್ಬು ಅರೆಯುವ ಯಂತ್ರದ ಬೆಲ್ಟನ್ನು ಕಿತ್ತುಹೋಗುವವರೆಗೂ ಓಡಿಸಿ, ಕಿತ್ತ ಮೇಲೆ ಹೊಲಿದು ಮತ್ತೆ ಓಡಿಸುವ ಆಸಾಮಿ. ಕಾರಿನ ಟೈಮಿಂಗ್ ಬೆಲ್ಟೂ ಹಾಗೇ ಎಂದುಕೊಂಡಿದ್ದ. ಐದು ವರ್ಷದ ಹಿಂದೆ, ಲಕ್ಷ ಕಿಲೋಮೀಟರ್ ಆಯಿತೆಂದು ನನ್ನ ಗ್ಯಾರೇಜಿನಲ್ಲಿ ನಾನೇ ಅದನ್ನು ಬದಲಾಯಿಸಿದೆ. ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ಕಿತ್ತುಹೋದರೆ ಇಂಜಿನ್ನೇ ಹೋಗುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಿದನೇ? ಹಳೇ ಬೆಲ್ಟನ್ನು ನಮ್ಮ ಭಾರತೀನಗರದ ಬಸ್ ಸ್ಟ್ಯಾಂಡಿನಲ್ಲಿ ಎತ್ತಿ ಹಿಡಿದ.

"ನೋಡ್ರಪ್ಪಾ, ಒಂದ್ ಗೀರೂ ಇಲ್ಲ! ಚೆನ್ನಾಗಿರೋ ಬೆಲ್ಟ್ ಬಿಚ್ಚವ್ನೆ ಈ ಪ್ರೀತಮ, ಕಳ್ ನನ್ಮಗ!"

ಎರಡು ವರ್ಷ ನನ್ನ ಗ್ಯಾರೇಜಿನತ್ತ ಒಂದು ನಾಯಿಯೂ ಸುಳಿಯಲಿಲ್ಲ. ಹೆಂಡತಿ ಅರ್ಪಿತ ಗಾರ್ಮೆಂಟ್ಸಿಗೆ ಹೋಗಬೇಕಾಯಿತು. ಅಲ್ಲೂ "ಕಳ್ಳನ ಹೆಂಡ್ತಿ" ಅಂದರಂತೆ. ಅದೇ ಬಸ್ ಸ್ಟ್ಯಾಂಡಿನಲ್ಲಿ, ಅದೇ ಬಾಯಿಂದ, "ಪ್ರೀತಮ ಕಳ್ಳ ಅಲ್ಲ" ಅನ್ನಿಸಬೇಕು. ಆಗದಿದ್ದರೆ ಅವನ ಹೊಟ್ಟೆ ಉರಿಸಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಹೋದ ತಿಂಗಳು ಗ್ಯಾರೇಜಿಗೇ ಬಂದ. ಕಾರು ಎರಡು ಲಕ್ಷ ದಾಟಿತ್ತು.

"ನನ್ ಬಾಮೈದುನ್ ಕಾರಲ್ಲಿ ಬೆಲ್ಟ್ ಕಿತ್ಕಂಡು ಇಂಜಿನ್ನೇ ಓಯ್ತು. ನಿನ್ ಮಾತೇ ಸರಿ ಕಣ್ಲಾ. ಇದ್ನ ಬದ್ಲಾಯಿಸ್ಬೇಕಾ? ನೀನ್ ಯೋಳ್ದಂಗೆ ಕೇಳ್ತೀನಿ."

ಯಾರೂ ಇಲ್ಲದಾಗ ಈ ಮಾತು! ಕಳ್ಳ ಅನ್ನಲು ಬಸ್ ಸ್ಟ್ಯಾಂಡೇ ಬೇಕಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬದಲಾಯಿಸಲೇಬೇಕೆಂದು ಚೆನ್ನಾಗಿ ಗೊತ್ತಿತ್ತು. ಕವರ್ ಬಿಚ್ಚಿ ನೋಡಿದ ಹಾಗೆ ಮಾಡಿದೆ.

"ಒಂದ್ ಗೀರೂ ಇಲ್ಲ ಕಣಣ್ಣ. ಇನ್ನೂ ಮೂವತ್ ಸಾವ್ರ ಓಡ್ತದೆ ಬುಡಿ."

ಅವತ್ತು ಊಟ ಎಷ್ಟು ರುಚಿಯಾಗಿತ್ತು ಅಂತೀರಿ!

ಮೂರೇ ವಾರ. ನಿಡಘಟ್ಟದ ಹತ್ತಿರ ಬೆಲ್ಟ್ ಕಿತ್ತುಹೋಯಿತು. ವಾಲ್ವೆಲ್ಲ ಬಗ್ಗಿ ಇಂಜಿನ್ ಹಾಳಾದ ಕಾರನ್ನು ನಮ್ಮ ಬಸ್ ಸ್ಟ್ಯಾಂಡಿಗೆ ಎಳೆದು ತಂದರು. ಜನ ಸೇರಿದರು, ನಾನೂ ಹೋದೆ. ನಾನು ನೋಡಿ ಇನ್ನೂ ಓಡುತ್ತದೆ ಎಂದಿದ್ದ ಗಾಡಿಯೆಂದು ತಿಳಿದು, ಇನ್ನೊಬ್ಬ ಮೆಕ್ಯಾನಿಕ್ ತೇಜು ಬಾಯಿ ಬಿಟ್ಟ.

"ಎರಡ್ ಲಕ್ಸಕ್ಕೆ ಬದ್ಲಾಯಿಸ್ಬೇಕಿತ್ತು. ಪ್ರೀತಮ ಬೇಕಂತ್ಲೇ ಸುಳ್ ಯೋಳವ್ನೆ."

ಕರಿಯಯ್ಯ ಬಯ್ಯಲಿ, ಐದು ವರ್ಷದ್ದೆಲ್ಲ ಕಕ್ಕುತ್ತೇನೆ ಎಂದು ಎದೆ ಸೆಟೆಸಿ ನಿಂತೆ. ಅವನು ತೇಜುವಿನ ಮೇಲೆ ರೇಗಿದ.

"ಬಾಯ್ ಮುಚ್ಚಲಾ! ಅವತ್ತು ನನ್ ಇಂಜಿನ್ ಉಳ್ಸ್ದೋನ್ನೇ ಕಳ್ಳ ಅಂದ್ಬುಟ್ಟೆ. ಎಲ್ರ ಮುಂದೆ ಯೋಳ್ತಾವ್ನಿ, ತಪ್ಪು ನಂದು. ಪ್ರೀತಮ ಕಳ್ಳ ಅಲ್ಲ. ಸುಳ್ ಯೋಳೋನೂ ಅಲ್ಲ."

ಜನರೆಲ್ಲ ನನ್ನ ಕಡೆ ತಿರುಗಿದರು. ಐದು ವರ್ಷ ಕಾದ ಮಾತು ಕೊನೆಗೂ ಬಂತು. ಹೋದ ತಿಂಗಳವರೆಗೂ ಅದು ನಿಜವಾಗಿತ್ತು.