ಸೈಲೆನ್ಸರಿಗೆ ಹಾಕಿದ ಹಾರ

ಆಯುಧಪೂಜೆಗೆ ಅಮ್ಮ ಪ್ರತಿ ವರ್ಷ ಆರು ಹಾರ ಕಟ್ಟುತ್ತಿದ್ದಳು. ಧರ್ಮಪಾಲಣ್ಣನ ಆರು ಲಾರಿಗಳಿಗೆ. 2014ರಲ್ಲಿ ಏಳು ಕಟ್ಟಿದಳು. ಏಳನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ. ಮನಸ್ಸಿಗೆ ಬಂದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡುತ್ತೇನೆ.

ಅಪ್ಪನದು ನವಿ ಮುಂಬೈಯ ಕೋಪರಖೈರಣೆಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು. ಧರ್ಮಪಾಲಣ್ಣ ನಮ್ಮ ಉಡುಪಿ ಕಡೆಯವರು. ಕಳಂಬೋಲಿಯಲ್ಲಿ ಅವರ ಲಾರಿಗಳು ನಿಲ್ಲುವ ಜಾಗಕ್ಕೆ ಹೋಗಿ ಪೂಜೆ ಮಾಡಿಸುವುದು ಅಪ್ಪನ ವಾರ್ಷಿಕ ಕೆಲಸ. ಆ ವರ್ಷ ಅವರ ಒಂದು ಲಾರಿಯ ಸೈಲೆನ್ಸರ್ ಮೇಲೆ ನನ್ನ ಪೆಟ್ಟಿಗೆ ಕೂತಿತ್ತು.

ಲಾರಿ ಸುಡುವ ಡೀಸೆಲ್ಲಿನ ಮೂರನೇ ಒಂದು ಪಾಲಿನಷ್ಟು ಶಾಖ ಹೊಗೆಯ ಜೊತೆ ಸುಮ್ಮನೆ ಹೊರಗೆ ಹೋಗುತ್ತದೆ. ಅದನ್ನು ಕರೆಂಟು ಮಾಡುವುದು ನನ್ನ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್. ಬಿಸ್ಕತ್ತಿನಷ್ಟು ದೊಡ್ಡ ಹನ್ನೆರಡು ಬಿಳಿ ಚೌಕಗಳು. ಅವುಗಳ ಒಂದು ಮುಖ ಸೈಲೆನ್ಸರಿಗೆ ಅಂಟಿ ಕಾಯಬೇಕು, ಇನ್ನೊಂದು ಮುಖ ತಣ್ಣಗಿರಬೇಕು. ಎರಡರ ನಡುವಿನ ವ್ಯತ್ಯಾಸವೇ ಕರೆಂಟು. ತಣ್ಣಗಿರಲೆಂದು ಮೇಲೆ ಬಾಚಣಿಗೆಯ ಹಲ್ಲಿನಂಥ ಅಲ್ಯೂಮಿನಿಯಂ ತಗಡುಗಳನ್ನು ಕೂರಿಸಿದ್ದೆ. ಆ ಹಲ್ಲುಗಳ ನಡುವೆ ಗಾಳಿ ಆಡಬೇಕು, ಅಷ್ಟೇ. ಕರೆಂಟು ಬಂದದ್ದು ಕಣ್ಣಿಗೆ ಕಾಣಲೆಂದು ಪೆಟ್ಟಿಗೆಗೆ ಒಂದು ಸಣ್ಣ ಬಲ್ಬು ಜೋಡಿಸಿದ್ದೆ.

ಕಾಲೇಜು ಮುಗಿದಿತ್ತು. ರಸ್ತೆಯಲ್ಲಿ ಓಡುವ ಲಾರಿಯ ಒಂದು ತಿಂಗಳ ಅಂಕಿಗಳನ್ನು ನವೆಂಬರ್ ಮೊದಲ ವಾರದೊಳಗೆ ತಂದರೆ ಲ್ಯಾಬಿನಲ್ಲಿ ಕೆಲಸ ಕೊಡುತ್ತೇನೆ ಎಂದು ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಪ್ರೊಫೆಸರ್ ಹೇಳಿದ್ದರು. ತರದಿದ್ದರೆ ವಾಶಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅಪ್ಪ ಮಾತಾಡಿಟ್ಟಿದ್ದ ಬಿಲ್ಲಿಂಗ್ ಕೆಲಸ. ಹಾಗಾಗಿ ನನಗೆ ಬೇಕಾಗಿದ್ದದ್ದು ಒಂದು ಲಾರಿ, ಒಂದು ತಿಂಗಳು.

ಧರ್ಮಪಾಲಣ್ಣ ಷರತ್ತು ಹಾಕಿದ್ದರು. "ಭಟ್ರೇ, ಪೂಜೆ ದಿನ ಎಲ್ಲರೆದುರು ನಿಮ್ಮ ಮಗಳ ಬಲ್ಬು ಉರೀಲಿ. ಉರಿದ್ರೆ ಒಂದು ತಿಂಗಳು ಲಾರಿ ಅವಳದ್ದೇ. ಇಲ್ಲದಿದ್ರೆ ಬಿಚ್ಚಿ ಮನೆಗೆ ತಕೊಂಡು ಹೋಗ್ಲಿ, ಆಯ್ತಾ?"

ಅದು ಉರಿಯುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ಭಾನುವಾರ ಡ್ರೈವರ್ ಮುಂಡಪ್ಪಣ್ಣ ನಿಂತ ಲಾರಿಯ ಇಂಜಿನ್ ಚಾಲೂ ಮಾಡಿದ್ದ. ಹೋಟೆಲಿನ ಟೇಬಲ್ ಫ್ಯಾನ್ ತಂದು ತಗಡುಗಳಿಗೆ ಗಾಳಿ ಬಿಟ್ಟಿದ್ದೆ. ಎಂಟನೇ ನಿಮಿಷಕ್ಕೆ ಬಲ್ಬು ಹತ್ತಿತು. "ಅಕ್ಕ, ಹೊಗೆಯಿಂದ ಲೈಟಾ! ನಮ್ಮ ಸೇಠ್ ಇನ್ನು ಹೊಗೆಗೂ ಬಾಡಿಗೆ ಕೇಳ್ತಾರೆ ನೋಡಿ," ಎಂದು ಅವನು ನಕ್ಕಿದ್ದ.

ಪೂಜೆಯ ಬೆಳಿಗ್ಗೆ ನಾನು ಫ್ಯಾನಿನ ವಯರ್ ಎಳೆದುಕೊಂಡು ಲಾರಿಯ ಬಳಿ ಬರುವಷ್ಟರಲ್ಲಿ ಅಮ್ಮನ ಕೆಲಸ ಮುಗಿದಿತ್ತು. ನನ್ನ ಪೆಟ್ಟಿಗೆಗೆ ಕೆಂಪು ರವಿಕೆ ಕಣ ಸುತ್ತಿದ್ದಳು. ಅದರ ಮೇಲೆ ಏಳನೆಯ ಹಾರ, ಎಲ್ಲಕ್ಕಿಂತ ದಪ್ಪದ್ದು, ಗೊಂಡೆ ಹೂವಿನದ್ದು, ಮೂರು ಸುತ್ತು. ತಗಡಿನ ಒಂದು ಹಲ್ಲೂ ಕಾಣುತ್ತಿರಲಿಲ್ಲ.

"ಚಂದ ಉಂಟಲ್ವಾ ಸುಮೇಧಾ?" ಎಂದಳು. ನಾಲ್ಕು ವರ್ಷ ನನ್ನ ಓದನ್ನು "ಹುಡುಗರ ಓದು" ಎಂದು ಮೂಗು ಮುರಿದವಳು. ಪಕ್ಕದಲ್ಲಿ ನಿಂತಿದ್ದ ಧರ್ಮಪಾಲಣ್ಣನ ಹೆಂಡತಿಗೆ, "ನನ್ನ ಮಗಳೇ ಮಾಡಿದ್ದು, ಒಬ್ಬಳೇ," ಎಂದಳು. ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಪೂಜೆಗೆ ಕಟ್ಟಿದ ಹಾರವನ್ನು ಲಾರಿ ಒಂದು ಟ್ರಿಪ್ ಮುಗಿಸುವ ತನಕ ಅಲ್ಲಿ ಯಾರೂ ಬಿಚ್ಚುವುದಿಲ್ಲ. ಆದರೂ ಹೇಳಬಹುದಿತ್ತು. "ಅಮ್ಮ, ಇದನ್ನು ತೆಗೆ, ಗಾಳಿ ಬೇಕು." ನಾಲ್ಕೈದು ಪದ. ಆರತಿ ತಟ್ಟೆ ಹಿಡಿದ ಅಪ್ಪ, ಸಾಲಾಗಿ ನಿಂತ ಡ್ರೈವರುಗಳು, ಅಮ್ಮನ ಆ ಮುಖ. ನಾನು ಫ್ಯಾನ್ ಹಾಕಿದೆ. ಹೂವಿನ ಎಸಳುಗಳು ಅಲ್ಲಾಡಿದವು.

ಮಂಗಳಾರತಿಯಾಯಿತು. ಕುಂಬಳಕಾಯಿ ಒಡೆದರು. ಮುಂಡಪ್ಪಣ್ಣ ಇಂಜಿನ್ ಚಾಲೂ ಮಾಡಿದ. ಎಂಟು ನಿಮಿಷ. ಹತ್ತು. ಬಲ್ಬು ಒಮ್ಮೆ ಮಂಕಾಗಿ ಕೆಂಪಗಾಗಿ ಹಾಗೇ ಸತ್ತಿತು. ಹದಿನೈದನೇ ನಿಮಿಷಕ್ಕೆ ಹೂವು ಬೇಯುವ ವಾಸನೆ ಬರತೊಡಗಿತು.

"ಭಟ್ರೇ, ಬಲ್ಬಿಗೂ ಇವತ್ತು ರಜೆಯಾ?" ಎಂದರು ಧರ್ಮಪಾಲಣ್ಣ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಧರ್ಮಪಾಲಣ್ಣ ಡ್ರೈವರಿನ ಕಡೆ ತಿರುಗಿದರು. "ಮುಂಡಪ್ಪಾ, ಅದನ್ನು ಬಿಚ್ಚು ಮಾರಾಯ."

"ಈಗ ಕೈ ಸುಡ್ತದೆ ಸೇಠ್. ಪುಣೆಗೆ ಹೋಗಿ ಬಂದು ಬಿಚ್ತೇನೆ."

ಕಾರಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಬೇಡ. ಅಷ್ಟು ಭಕ್ತಿಯಿಂದ ಹಾರ ಹಾಕಿಯೂ ಉರೀಲಿಲ್ಲ ಅಂದ್ರೆ ದೇವರಿಗೇ ಇಷ್ಟ ಇಲ್ಲ ಅಂತ ಅರ್ಥ. ಆ ಬಿಲ್ಲಿಂಗ್ ಕೆಲಸ ಒಳ್ಳೇದುಂಟು."

ಅಮ್ಮನ ಖುಷಿ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಅಂದು ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ, ಹೆದರಿ ಸುಮ್ಮನಿದ್ದೆ ಎಂದು ಬರೆದೆ. ಯಾವುದು ನಿಜವೆಂದು ಈಗಲೂ ತಿಳಿಯದು.

ಎರಡನೆಯ ದಿನ ಮಧ್ಯಾಹ್ನ ಪುಣೆಯಿಂದ ಮುಂಡಪ್ಪಣ್ಣ ಫೋನ್ ಮಾಡಿದ.

"ಅಕ್ಕ! ಪುಣೆಯಲ್ಲಿ ಗಾಡಿ ಖಾಲಿ ಮಾಡಿ ಹಾರ, ಬಟ್ಟೆ ಎಲ್ಲ ತೆಗೆದೆ. ಸ್ವಲ್ಪ ದೂರ ಓಡಿಸಿ ಇಳಿದು ನೋಡ್ತೇನೆ, ಬಲ್ಬು ಝಗ್ ಅಂತ ಉರೀತಾ ಉಂಟು! ಆ ದಿನ ಏನಾಗಿತ್ತು ಅದಕ್ಕೆ?"

"ಸೇಠ್‌ಗೆ ಹೇಳಿದ್ರಾ?"

ಅವನ ದನಿ ಇಳಿಯಿತು. "ಹೇಳ್ದೆ. ಈಗ ಉರಿದು ಎಂತ ಮಾಡುದು, ಅಲ್ಲಿ ಉರೀಬೇಕಿತ್ತು ಅಂದ್ರು. ನಾಳೆ ಬಿಚ್ಚಿ ಕಳಿಸ್ತೇನೆ ಅಕ್ಕ."

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಈಗ ಹತ್ತಿತಾ? ಮತ್ತೆ ಆ ದಿನ ಯಾಕೆ ಹತ್ತಲಿಲ್ಲ?"

ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು.

"ವಯರ್ ಲೂಸ್ ಇತ್ತಮ್ಮ," ಎಂದೆ.

"ನೋಡು! ಮೊದಲೇ ಸರಿಯಾಗಿ ನೋಡ್ಕೊಳ್ಬಾರದಾ? ಎಲ್ಲರೆದುರು ಅಪ್ಪನ ಮರ್ಯಾದೆ ತೆಗೆದೆಯಲ್ಲ. ಸುಮ್ಮನೆ ದೇವರನ್ನು ದೂರಿದೆ ನಾನು." ಅವಳು ದೇವರ ಕೋಣೆಗೆ ಹೋಗಿ ತಪ್ಪುಕಾಣಿಕೆ ಇಟ್ಟು ಬಂದಳು.

ಪೆಟ್ಟಿಗೆ ಗೋಣಿಚೀಲದಲ್ಲಿ ವಾಪಸು ಬಂತು. ಸೋಮವಾರದಿಂದ ವಾಶಿಯ ಆಫೀಸು. ಭಾನುವಾರ ಬಾಲ್ಕನಿಯಲ್ಲಿ ಕೂತು, ತಗಡುಗಳ ನಡುವೆ ಸುಟ್ಟು ಅಂಟಿದ್ದ ಎಸಳುಗಳನ್ನು ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದೆ. ಅಮ್ಮ ಗುಡಿಸುತ್ತಾ ಬಂದವಳು ಒಂದು ಎಸಳನ್ನು ಬೆರಳಲ್ಲಿ ಎತ್ತಿ ತಿಕ್ಕಿ ನೋಡಿದಳು. ಅದು ಕಪ್ಪು ಪುಡಿಯಾಯಿತು.

"ಎಂತ ಇದು?"

"ಕಸ ಅಮ್ಮ."

ಪೊರಕೆ ಮುಂದೆ ಮಾಡಿ, ನನ್ನ ಕಾಲ ಬುಡದಲ್ಲಿದ್ದದ್ದನ್ನೆಲ್ಲ ಅವಳು ಗುಡಿಸಿಕೊಂಡು ಹೋದಳು.