ಬಾಲ್ಕನಿ ಇಲ್ಲದ ಬಾಗಿಲು

ಬಟ್ಟೆ ಒಣಹಾಕಲು ಹೋದ ಅಕ್ಕ ಬಾಲ್ಕನಿಯ ಸಮೇತ ಬೀದಿಗೆ ಬಿದ್ದು ಸತ್ತ ಮೇಲೂ ಮಿಗ್ದಾಲಿಯಾ ಅದೇ ಮನೆಯಲ್ಲಿ ಉಳಿದಳು. ಹೋಗಲು ಬೇರೆ ಜಾಗವಿರಲಿಲ್ಲ. ಹೋಗಬೇಕೆಂದು ಅನ್ನಿಸಲೂ ಇಲ್ಲ. ನಗರಸಭೆಯ ಕಚೇರಿಯವರು ಬಂದು ಕಟ್ಟಡದ ಮುಂಭಾಗಕ್ಕೆ ದಪ್ಪ ಮರದ ತೊಲೆಗಳನ್ನು ಆನಿಸಿ ನಿಲ್ಲಿಸಿದರು, ಮೂರನೇ ಮಹಡಿಯಲ್ಲಿ ಬಾಲ್ಕನಿಗೆ ತೆರೆಯುತ್ತಿದ್ದ ಬಾಗಿಲಿಗೆ ಸೊಂಟದೆತ್ತರಕ್ಕೆ ಒಂದು ಹಲಗೆ ಹೊಡೆದರು, ಆದಷ್ಟು ಬೇಗ ಮನೆ ಖಾಲಿ ಮಾಡಿ ಅಂದು ಹೋದರು. ಖಾಲಿ ಮಾಡಿ ಎಲ್ಲಿಗೆ ಹೋಗಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ಅಕ್ಕನನ್ನು ಮಣ್ಣು ಮಾಡಿದ ದಿನವೂ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಚುಚ್ಚುವ ಮದ್ದು ಇಡೀ ಮೈಗೆ ಏರಿದ ಹಾಗಿತ್ತು. ಕರೆಂಟ್ ಬಂದಾಗ ಅನ್ನ ಮಾಡುವಳು, ನೀರು ಬಂದಾಗ ತೊಟ್ಟಿ ತುಂಬುವಳು. ಬ್ರೆಡ್ಡಿನವನು ಕೂಗಿದರೆ ಮೆಟ್ಟಿಲ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವಳು. ಮೊದಲು ಅದನ್ನು ಬಾಲ್ಕನಿಯಿಂದ ಇಳಿಬಿಡುತ್ತಿದ್ದವಳು ಅಕ್ಕ ನೆರೈದಾ.

ಹವಾನಾದ ಹಳೇ ಪೇಟೆಯ ಆ ಗಲ್ಲಿಗೆ ಪರದೇಶದವರು ಬರುವುದು ನಿಲ್ಲಲಿಲ್ಲ. ತಲೆ ಎತ್ತಿ ನೋಡುವರು, ಗೋಡೆಯ ನೀಲಿಯ ಕೆಳಗೆ ಇಣುಕುವ ಹಳದಿಯನ್ನು, ಅದರ ಕೆಳಗಿನ ಇಟ್ಟಿಗೆಯನ್ನು ಫೋಟೊ ತೆಗೆಯುವರು. ಈಗ ತೊಲೆಗಳ ಫೋಟೊವನ್ನೂ ತೆಗೆಯುತ್ತಿದ್ದರು.

"ನಮ್ಮ ಬಿರುಕಿಗಿರೋ ಬೆಲೆ ನಮಗಿಲ್ಲ ನೋಡಮ್ಮ," ಅನ್ನುತ್ತಿದ್ದ ಕೆಳಮನೆಯ ಕ್ಷೌರಿಕ ಒಫೇಲಿಯೊ. "ನಾನು ಒಂದ್ಸಲ ಸುಣ್ಣ ಹೊಡೆಯೋಣ ಅಂತ ಬಕೀಟು ಎತ್ತಿದ್ರೆ, ಯಾವನೋ ಬಂದು ಕೈ ಹಿಡ್ಕೊಂಡುಬಿಟ್ಟ, ಅಯ್ಯೋ ಹಾಳು ಮಾಡ್ಬೇಡಿ ಅಂತ!"

ಈ ಪರದೇಶದವರನ್ನು ಕರೆತರುವವರಲ್ಲಿ ಯಾನೆಲಿಸ್ ಕೂಡ ಒಬ್ಬಳು. ನೆರೈದಾಳ ಒಬ್ಬಳೇ ಮಗಳು. ಗಂಡನ ಜೊತೆ ಕೊಲ್ಲಿಯ ಆಚೆ ರೆಗ್ಲಾದಲ್ಲಿದ್ದಾಳೆ. ಊರು ತೋರಿಸುವುದೇ ಅವಳ ಹೊಟ್ಟೆಪಾಡು. ಮೊದಲೆಲ್ಲ ಅವಳು ಜನರನ್ನು ಕರೆದುಕೊಂಡು ಗಲ್ಲಿಗೆ ತಿರುಗಿದ ಕೂಡಲೇ ಮೇಲಿನಿಂದ ಅಮ್ಮ "ತಿಂದ್ಯೇನೇ?" ಅಂತ ಕೂಗುತ್ತಿದ್ದಳು, ಬಂದವರೆಲ್ಲ ನಗುತ್ತಿದ್ದರು. ಅಮ್ಮ ಹೋದ ಮೇಲೂ ಯಾನೆಲಿಸ್ ಅದೇ ಜಾಗದಲ್ಲಿ ನಿಂತು ಅದೇ ದನಿಯಲ್ಲಿ ಗಲ್ಲಿಯ ಬಾಲ್ಕನಿಗಳ ಕಂಬಿ ಕುಸುರಿಯ ಬಗ್ಗೆ ಹೇಳುತ್ತಿದ್ದಳು. ಮಿಗ್ದಾಲಿಯಾ ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಭಾಷೆ ಅರ್ಥವಾಗದಿದ್ದರೂ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂಬುದು ಗೊತ್ತಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಕೇಳಿತು. ಯಾನೆಲಿಸ್‌ಳ ಹಿಂದೆ ಒಬ್ಬ ಬೆಳ್ಳಿಗೂದಲಿನ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು.

"ಚಿಕ್ಕಮ್ಮ, ಇವರು ಹೋದ ವರ್ಷ ಬಂದಿದ್ರು. ನಿಂಗೇನೋ ಕೊಡ್ಬೇಕಂತೆ. ಬೇಡ ಅಂದ್ರೂ ಕೇಳ್ಲಿಲ್ಲ."

ಹೆಂಗಸು ಚೀಲದಿಂದ ಕಟ್ಟು ಹಾಕಿಸಿದ ಫೋಟೊ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಬಾಲ್ಕನಿಯಲ್ಲಿ ಅಕ್ಕ ತಂಗಿ ಇಬ್ಬರೂ ಇದ್ದರು. ನೆರೈದಾ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ನಗುತ್ತಿದ್ದಳು, ಹಿಂದೆ ಮಿಗ್ದಾಲಿಯಾ ಒದ್ದೆ ದುಪ್ಪಟಿ ಹಿಂಡುತ್ತಿದ್ದಳು. ಬಿಸಿಲು ದುಪ್ಪಟಿಯೊಳಗಿಂದ ಹಾದು ಇಬ್ಬರ ಮುಖಕ್ಕೂ ಬಿದ್ದಿತ್ತು. ತಾವು ಅಷ್ಟು ಚೆಂದವಿದ್ದೆವೆಂದು ಮಿಗ್ದಾಲಿಯಾಗೆ ಗೊತ್ತಿರಲಿಲ್ಲ. ನೆರೈದಾಳ ಕಾಲ ಕೆಳಗೆ, ಚಪ್ಪಡಿ ಗೋಡೆಗೆ ಸೇರುವ ಕಡೆ, ಬೆರಳು ತೂರುವಷ್ಟು ಬಿರುಕು. ಅದೂ ಫೋಟೊದಲ್ಲಿ ಸ್ಪಷ್ಟವಾಗಿ ಬಿದ್ದಿತ್ತು.

ಹೆಂಗಸು ಏನೋ ಕೇಳಿದಳು. ಯಾನೆಲಿಸ್ ತಡವರಿಸದೆ ನಗುತ್ತಲೇ ಉತ್ತರ ಕೊಟ್ಟಳು.

"ಏನಂತೆ?"

"ಇನ್ನೊಬ್ರು ಎಲ್ಲಿ ಅಂತ. ಮತಾನ್ಸಾಸ್‌ಗೆ ಹೋಗಿದಾರೆ, ನೆಂಟರ ಮನೆಗೆ, ಅಂದೆ."

ಮಿಗ್ದಾಲಿಯಾ ಸುಮ್ಮನೆ ತಲೆಯಾಡಿಸಿದಳು. ಹೆಂಗಸು ಮತ್ತೆ ಏನೋ ಅಂದಳು. ಈ ಸಲ ಯಾನೆಲಿಸ್‌ಳ ಮುಖ ಬಿಗಿಯಾಯಿತು.

"ಅದೇ ಜಾಗದಲ್ಲಿ ನೀನು ನಿಂತ್ರೆ ಇನ್ನೊಂದು ಫೋಟೊ ತೆಗೀತಾರಂತೆ. ನಾನು ಆಗಲ್ಲ ಅಂದುಬಿಡ್ತೀನಿ, ಚಿಕ್ಕಮ್ಮ."

"ಇರು," ಅಂದಳು ಮಿಗ್ದಾಲಿಯಾ. ಯಾಕೆ ಅಂದಳೋ ಅವಳಿಗೇ ತಿಳಿಯದು. ಎದ್ದು ಹೋಗಿ ಬಾಗಿಲಿನ ಅಗುಳಿ ಎಳೆದು ಎರಡೂ ಕದ ಒಳಕ್ಕೆ ತೆರೆದಳು.

ಹಲಗೆಯ ಆಚೆ ನೆಲವಿರಲಿಲ್ಲ. ಕತ್ತರಿಸಿದ ಕಂಬಿಗಳೆರಡು ಗೋಡೆಯಿಂದ ಚಾಚಿಕೊಂಡಿದ್ದವು. ಎದುರು ಮನೆಗಳ ಮಾಳಿಗೆ, ಅದರಾಚೆ ಒಂದು ಪಟ್ಟಿಯಷ್ಟು ಕಡಲು. ಮೊದಲು ಅಲ್ಲಿ ಸದಾ ಬಟ್ಟೆ ನೇತಾಡುತ್ತಿದ್ದರಿಂದ ಮನೆಯೊಳಗಿನಿಂದ ಕಡಲು ಕಾಣುತ್ತಿರಲಿಲ್ಲ.

ಹೆಂಗಸು ಹಲಗೆಯ ತನಕ ಹೋಗಿ ನಿಂತಳು, ಕೆಳಗೆ ಬಗ್ಗಿ ನೋಡಿದಳು, ತಲೆ ಎತ್ತಿದಳು. ಎದೆಯ ಮೇಲೆ ಕೈ ಇಟ್ಟುಕೊಂಡು ಉದ್ದಕ್ಕೆ ಏನೋ ಹೇಳಿದಳು. ಆಮೇಲೆ ಕಡಲಿನ ಫೋಟೊ ತೆಗೆದಳು.

ಯಾನೆಲಿಸ್ ಬಾಗಿಲಿನಿಂದ ಮುಖ ತಿರುಗಿಸಿಕೊಂಡಳು.

"ಹೇಳೇ, ಏನಂದ್ಲು?"

"ರಿಪೇರಿ ನಡೀತಿದ್ಯಾ ಅಂದ್ರು. ರಿಪೇರಿಯಾದ್ರೂ ಹಳೇ ಕಳೆ ಹೋಗದೇ ಇರ್ಲಿ ಅಂದ್ರು. ಇಂಥಾ ಬಾಗಿಲಿರೋ ನಿಮ್ಮದು ಎಂಥಾ ಪುಣ್ಯ, ದಿನಾ ಎದ್ದು ಇದನ್ನ ನೋಡ್ತೀರಲ್ಲ ಅಂದ್ರು."

"ಹೌದು ಅಂತ ಹೇಳು."

ಹೆಂಗಸು ಮಿಗ್ದಾಲಿಯಾಳನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಕೆಟ್ಟವಳಲ್ಲ. ಅಷ್ಟು ದೂರದಿಂದ ಗಾಜು ಒಡೆಯದ ಹಾಗೆ ಫೋಟೊವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ತನ್ನೊಳಗೆ ಸಿಟ್ಟು ಇದೆಯೇನೋ ಎಂದು ಮಿಗ್ದಾಲಿಯಾ ಹುಡುಕಿದಳು. ಸಿಗಲಿಲ್ಲ. ಬೇರೇನೂ ಸಿಗಲಿಲ್ಲ.

ಹೆಂಗಸನ್ನು ಹೋಟೆಲಿಗೆ ಬಿಟ್ಟು ಯಾನೆಲಿಸ್ ಒಬ್ಬಳೇ ವಾಪಸ್ಸು ಬಂದಳು. ಬಾಗಿಲು ಇನ್ನೂ ತೆರೆದೇ ಇತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಳು. ಮಿಗ್ದಾಲಿಯಾ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು.

"ಈ ಗಲ್ಲಿಗೆ ಕರ್ಕೊಂಡ್ ಬರೋದು ಬಿಟ್ಬಿಡ್ಲಾ, ಚಿಕ್ಕಮ್ಮ?"

"ಯಾಕೆ ಬಿಡ್ತೀಯ. ಅವ್ರು ಕೇಳೋದೇ ಇದನ್ನ ಅಂತೀಯಲ್ಲ."

"ಕೆಳಗೆ ನಿಂತು ಮಾತಾಡ್ತಿರ್ತೀನಲ್ಲ, ಅಷ್ಟು ಹೊತ್ತು ಅಮ್ಮ ಸತ್ತಿರಲ್ಲ. ಅವ್ರಿಗೆ ಗೊತ್ತಿಲ್ಲ ನೋಡು. ಅವ್ರು ತಲೆ ಎತ್ತಿ ಹೇಗೆ ನೋಡ್ತಾರೋ ನಾನೂ ಹಾಗೇ ನೋಡ್ತೀನಿ. ಗುಂಪು ಆ ಕಡೆ ತಿರುಗಿದ ಮೇಲೆ..." ಯಾನೆಲಿಸ್ ಮೊರದಿಂದ ಒಂದು ಕಲ್ಲು ಎತ್ತಿ ಪಕ್ಕಕ್ಕಿಟ್ಟಳು. "ನಿಂಗಿದು ಹುಚ್ಚು ಅನ್ನಿಸ್ತಿರ್ಬೇಕು."

ಮಿಗ್ದಾಲಿಯಾ ಮೊರ ಅಲುಗಿಸಿದಳು. "ಬರ್ತಿರು. ಆದ್ರೆ ಮತಾನ್ಸಾಸ್ ಅನ್ಬೇಡ."

"ಯಾಕೆ?"

"ನಿಮ್ಮಮ್ಮಂಗೆ ಆ ಊರು ಆಗ್ತಿರ್ಲಿಲ್ಲ. ಅಲ್ಲಿ ಅವಳ ಹಳೇ ಗಂಡನ ಅಕ್ಕ ಇದಾಳೆ. ಸತ್ರೂ ಅಲ್ಲಿಗೆ ಹೋಗಲ್ಲ ಅಂತಿದ್ಲು."

ಯಾನೆಲಿಸ್‌ಗೆ ತಡೆಯಲಾಗದೆ ನಗು ಬಂತು, ನಗುತ್ತ ನಗುತ್ತ ಮುಖ ಮುಚ್ಚಿಕೊಂಡಳು. ಭುಜಗಳು ಬಹಳ ಹೊತ್ತು ಅಲುಗಿದವು. ಮಿಗ್ದಾಲಿಯಾ ಎದ್ದು ಸಮಾಧಾನ ಮಾಡಲಿಲ್ಲ, ಕಲ್ಲು ಆರಿಸುವುದನ್ನೂ ಬಿಡಲಿಲ್ಲ.

"ಮತ್ತೆ ಎಲ್ಲಿ ಅನ್ಲಿ?" ಕೊನೆಗೆ ಮೂಗೊರೆಸಿಕೊಂಡು ಕೇಳಿದಳು ಯಾನೆಲಿಸ್.

"ಸಾಂತಿಯಾಗೊ ಅನ್ನು. ನಮ್ಮಮ್ಮನ ಊರು. ಅಲ್ಲಿಗೆ ಹೋಗೋದಾದ್ರೆ ಕುಣಿದುಕೊಂಡು ಹೋಗ್ತಿದ್ಲು."

"ಸರಿ," ಅಂದಳು ಯಾನೆಲಿಸ್. ಚಪ್ಪಲಿ ಕಳಚಿ, ಅಮ್ಮನ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ಎಷ್ಟೋ ದಿನದಿಂದ ನಿದ್ದೆಯಿಲ್ಲದವಳ ಹಾಗೆ ಆ ಕೂಡಲೇ ಗೊರಕೆ ಶುರುವಾಯಿತು. ಮಿಗ್ದಾಲಿಯಾ ಅಕ್ಕಿಯನ್ನು ಇಬ್ಬರಿಗೆ ಆಗುವಷ್ಟು ಪಾತ್ರೆಗೆ ಸುರಿದು, ತೊಳೆಯಲು ಎದ್ದಳು.